ಎಪ್ಕಾಟ್‌ಗೆ ಒಂದು ದಿನ ಇಡಬೇಕಾ?

ಕೋಥ್ರೂಡ್ ಗೃಹಿಣಿ: ಅಕ್ಟೋಬರ್‌ನಲ್ಲಿ ಪುಣೆಯಿಂದ ಫ್ಲಾರಿಡಾಗೆ, ತಂಗಿ ಮನೆಗೆ ಹೊರಟಿದ್ದೇವೆ. ಜೊತೆಗೆ 9 ವರ್ಷದ ಮಗ, 70 ದಾಟಿದ ಮಾವ. ಡಿಸ್ನಿಯವರ ಥೀಮ್ ಪಾರ್ಕ್ ಎಪ್ಕಾಟ್‌ಗೆ ಒಂದಿಡೀ ದಿನ ಇಡಿ ಅಂತಾಳೆ ತಂಗಿ. ಅರ್ಧ ತಂತ್ರಜ್ಞಾನ, ಅರ್ಧ ದೇಶದೇಶಗಳ ಸಂಸ್ಕೃತಿಯಂತೆ. ಹೋಗಿಬಂದವರು ಹೇಳಿ.

ಮಾಟುಂಗಾ ರಾಯರು: ಬೇಡ. ಕೆರೆಯ ಸುತ್ತ 11 ದೇಶಗಳ ಮಾದರಿ ಕಟ್ಟಿದ್ದಾರೆ, ಭಾರತವೇ ಇಲ್ಲ. ಅರ್ಧ ಗಂಟೆಯಲ್ಲಿ ಜಪಾನ್ ಮುಗಿಸಿ ಮೊರಾಕ್ಕೊಗೆ ಹೋದರೆ ಮಗುವಿಗೆ ಏನು ತಿಳಿಯುತ್ತೆ? ವಿಜ್ಞಾನಕ್ಕೆ ನಮ್ಮ ಮುಂಬೈ ವರ್ಲಿಯ ನೆಹರೂ ವಿಜ್ಞಾನ ಕೇಂದ್ರ ಇದೆ, 1985ರದ್ದು. ಅಲ್ಲಿ ಮಕ್ಕಳು ತಾವೇ ಮುಟ್ಟಿ, ತಿರುಗಿಸಿ ಕಲೀತಾರೆ.

ಪಿಂಪ್ರಿ ಗದಗದವ: ರಾಯರ, ವರ್ಲಿಗೆ ನಾನೂ ಮಗಳನ್ನ ಕರಕೊಂಡು ಹೋಗೀನಿ, ಛಲೋ ಐತಿ. ಆದ್ರ ಎಪ್ಕಾಟ್‌ನ್ಯಾಗ ನಮ್ಮಪ್ಪ ಕಂಡದ್ದು ಬ್ಯಾರೆ. 'ಲಿವಿಂಗ್ ವಿತ್ ದ ಲ್ಯಾಂಡ್' ಅಂತ ದೋಣಿ ಸವಾರಿ, ಗಾಜಿನ ಮನಿಯೊಳಗ ಹಾದು ಹೋಗತೈತಿ. ಮಣ್ಣ ಇಲ್ಲ! ಗಿಡ ಮ್ಯಾಲೆ ತೂಗತಾವ, ಬೇರು ಗಾಳ್ಯಾಗ ಬಿಳೀ ಜಡಿಯಂಗ ಇಳಿಬಿದ್ದಿರತಾವ, ಅದಕ್ಕ ಗೊಬ್ಬರದ ನೀರು ಸಿಂಪಡಸ್ತಾರ. ನಲವತ್ತು ವರ್ಷ ಎರಿ ಹೊಲ ಉತ್ತಾಂವ ಅಪ್ಪ. ದೋಣಿ ಇಳದು "ಇನ್ನೊಮ್ಮೆ ಹೋಗೂಣು" ಅಂದ. ಮೂರು ಸಲ ಹೋದ್ವಿ.

ಮಾಟುಂಗಾ ರಾಯರು: ಅದು ಒಪ್ಪಿದೆ. ದೇಶಗಳ ಮಾತಿಗೆ ಉತ್ತರ ಬರಲಿಲ್ಲ.

ಮಡಗಾಂವ್ ಮಾಮಿ: ನಾನು ಹೇಳ್ತೇನೆ. ಕಟ್ಟಡ ನಕಲು ಇರಬಹುದು, ಜನ ಅಲ್ಲ. ಎದೆಯ ಮೇಲಿನ ಹೆಸರಿನ ಬಿಲ್ಲೆಯಲ್ಲಿ ಅವರ ಊರೂ ಇರ್ತದೆ. ನಾರ್ವೆ ಅಂಗಡಿಯ ಹುಡುಗಿ ಆ ದೇಶದ ಬರ್ಗನ್‌ನವಳು. "ನಿಮ್ಮಲ್ಲಿ ಮಳೆ ಎಷ್ಟು?" ಅಂತ ನನ್ನ ಮಗಳು ಕೇಳಿದ್ದೇ ತಡ, ಹತ್ತು ನಿಮಿಷ ಮಾತು. ಇವಳು ನಮ್ಮ ಗೋವೆಯ ಜುಲೈ ಮಳೆ ಬಣ್ಣಿಸಿದಳು. ಮತ್ತೆ, ಮೊರಾಕ್ಕೊದ ಟೈಲ್ಸ್ ಕುಸುರಿ ಮಾಡಿದ್ದು ಅಲ್ಲಿನ ದೊರೆ ಎರಡನೇ ಹಸನ್ ಕಳಿಸಿದ ಕುಶಲಕರ್ಮಿಗಳು. ಅದನ್ನು ಹತ್ತಿರ ನಿಂತು ನೋಡಬೇಕು. ಹನ್ನೊಂದೂ ಓಡಬೇಡಿ, ಮೂರು ಸಾಕು.

ಹಡಪ್ಸರ್ ಇಂಜಿನಿಯರ್: ಬೆಳಿಗ್ಗೆ ತಂತ್ರಜ್ಞಾನದ ಕಡೆ ಮುಗಿಸಿ, ದೇಶಗಳ ಕಡೆ ಸಾಮಾನ್ಯವಾಗಿ 11 ಗಂಟೆಗೆ ತೆರೆಯೋದು. ಕೆರೆ ಸುತ್ತು ಸುಮಾರು 2 ಕಿ.ಮೀ., ಮಾವನಿಗೆ ಗಾಲಿಕುರ್ಚಿ ಬಾಡಿಗೆಗೆ ಸಿಗುತ್ತೆ. ಮುಂದೆಯೇ ಇರೋ ದೊಡ್ಡ ಗೋಳ ಸುಮಾರು 55 ಮೀಟರ್ ಎತ್ತರ. ಮಳೆ ಬಂದರೆ ಅದರ ಕೆಳಗೇ ನಿಲ್ಲಿ: ನೀರು ಫಲಕಗಳ ಸಂದಿಯಿಂದ ಒಳಗಿಳಿದು ಕೆರೆ ಸೇರುತ್ತೆ, ತಲೆ ಮೇಲೆ ಸುರಿಯಲ್ಲ.

ಮಾಟುಂಗಾ ರಾಯರು: ಭಾರತ ಇಲ್ಲದ್ದು ನನಗೆ ಈಗಲೂ ನೋವೇ. ಆದರೂ ಮಾಮಿ ಹೇಳಿದಂತೆ ನೋಡೋದಾದರೆ ಹೋಗಿ ಬನ್ನಿ, ತಾಯಿ.

ಕೋಥ್ರೂಡ್ ಗೃಹಿಣಿ: ಮಾವನಿಗೆ ಬೇರಿನ ಸಂಗತಿ ಓದಿ ಹೇಳಿದೆ. ಆ ನೀರಿಗೆ ಏನೇನು ಹಾಕ್ತಾರೆ ಕೇಳು ಅಂತಿದ್ದಾರೆ.

ಪಿಂಪ್ರಿ ಗದಗದವ: ಅಕ್ಕಾರ, ಆ ಗಾಜಿನ ಮನಿಯೊಳಗ ನಡಕೊಂತ ತೋರಸೋ ಸುತ್ತೊಂದು ಐತಿ, 'ಬಿಹೈಂಡ್ ದ ಸೀಡ್ಸ್' ಅಂತ. ಅದಕ್ಕ ಬ್ಯಾರೆ ರೊಕ್ಕ. ಮಾವನ್ನ ಕರಕೊಂಡು ಹೋಗ್ರಿ, ಅಲ್ಲೇ ಕೇಳಲಿ.