ರಾತ್ರಿ ಊಟಕ್ಕೆ ಕೂತರೆ ಮಕ್ಕಳಿಬ್ಬರದೂ ಒಂದೇ ಮಾತು, "ನನಗೆ ಬ್ಯಾಡ". ಏನು ಮಾಡಲಿ?

ಬಿಸಿರೊಟ್ಟಿ, ಕಲಬುರಗಿ

ನಮಸ್ಕಾರ ರೀ. ಮಗಳಿಗೆ ನಾಲ್ಕೂವರೆ ವರ್ಷ, ಮಗನಿಗೆ ಈಗಷ್ಟೇ ಎರಡು ತುಂಬಿದೆ. ರಾತ್ರಿ ಜೋಳದ ರೊಟ್ಟಿ, ಒಂದು ಪಲ್ಯ, ಬೇಳೆ, ಅನ್ನ ಇರುತ್ತದೆ. ಅತ್ತೆ ಮಾವ ಸೇರಿ ಎಲ್ಲರೂ ಒಟ್ಟಿಗೇ ಕೂರುತ್ತೇವೆ.

ಪುಂಡಿ ಪಲ್ಯ (ಹುಳಿ ಸೊಪ್ಪಿನದು) ಕಂಡರೆ ಸಾಕು, ಮಗಳು ತಟ್ಟೆ ದೂಡುತ್ತಾಳೆ. ಬೇಳೆಯಲ್ಲಿರುವ ಸಾಸಿವೆ, ಕರಿಬೇವನ್ನು ಒಂದೊಂದಾಗಿ ಬೆರಳಿಂದ ತೆಗೆದು ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಾಳೆ. ಅಷ್ಟರಲ್ಲಿ ಅನ್ನ ಆರುತ್ತದೆ. ಆಮೇಲೆ ಅದೂ ಬೇಡ. ಅಕ್ಕನನ್ನು ನೋಡಿ ತಮ್ಮನೂ ಹಾಗೇ. ಕೊನೆಗೆ ಅತ್ತೆಗೆ ಕರುಳು ಚುರ್ ಅಂದು, ಹಾಲು ಬಿಸ್ಕೀಟು ಕೊಟ್ಟು ಮಲಗಿಸುತ್ತಾರೆ. ಮೊಬೈಲ್ ಹಿಡಿದರೆ ನಾಲ್ಕು ತುತ್ತು ಹೋಗುತ್ತೆ, ಆದರೆ ಆ ಚಟ ನನಗೆ ಬೇಡ.

ಮಕ್ಕಳಿಗೆ ಅಂತ ಬೇರೆ ಅಡುಗೆ ಮಾಡಬೇಕಾ? ಗದರಿಸಿ ತಿನ್ನಿಸಬೇಕಾ? ನಿಮ್ಮ ಮನೆಗಳಲ್ಲಿ ಹೇಗೆ?

ಅಂಗನವಾಡಿ ಟೀಚರ್, ಆಳಂದ ಕಡೆ

ತಂಗಿ, ಎರಡೂ ಬೇಡ. ಮೊದಲು ಆ ಹಾಲು ಬಿಸ್ಕೀಟು ನಿಲ್ಲಿಸಿ. ಮಲಗುವ ಹೊತ್ತಿಗೆ ಅದು ಬಂದೇ ಬರುತ್ತೆ ಅಂತ ಗೊತ್ತಿರುವ ಮಗು ರೊಟ್ಟಿ ಯಾಕೆ ಅಗಿಯುತ್ತೆ? ಈ ವಯಸ್ಸಿಗೆ ಇಡೀ ದಿನಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ ಹಾಲು ಬೇಡ. ಹಾಲಿನಲ್ಲಿ ಕಬ್ಬಿಣಾಂಶ ತೀರಾ ಕಡಿಮೆ. ಹೊಟ್ಟೆ ತುಂಬುತ್ತೆ, ರಕ್ತ ಆಗುವುದಿಲ್ಲ. ನಮ್ಮ ಕಡೆ ಸಣ್ಣ ಮಕ್ಕಳಿಗೂ ಸಂಜೆ ಚಹಾ ಕೊಡುತ್ತಾರೆ, ಅದನ್ನಂತೂ ಪೂರ್ತಿ ಬಿಡಿಸಿ. ಊಟದ ಕಬ್ಬಿಣಾಂಶ ಮೈಗೆ ಹತ್ತದಂತೆ ಚಹಾ ತಡೆಯುತ್ತೆ.

ಅತ್ತೆಯವರಿಗೆ ಒಂದು ಮಾತು ಸಮಾಧಾನವಾಗಿ ಹೇಳಿ. ಮಗು ಮೊದಲ ವರ್ಷದಲ್ಲಿ ಹುಟ್ಟಿದ ತೂಕದ ಮೂರು ಪಟ್ಟು ಆಗುತ್ತೆ. ಎರಡು ದಾಟಿದ ಮೇಲೆ ವರ್ಷಕ್ಕೆ ಸುಮಾರು 2 ಕೆಜಿ ಅಷ್ಟೇ. ಹಾಗಾಗಿ ಹಸಿವೂ ಇಳಿಯುತ್ತೆ. ನಾವು ಅದನ್ನೇ ಕಂಡು "ಕೂಸು ಸೊರಗಿತು" ಅಂತ ಗಾಬರಿ ಬೀಳುತ್ತೇವೆ. ಹೊಸ ರುಚಿಗೆ ಹೆದರುವುದೂ ಎರಡರಿಂದ ಆರು ವರ್ಷದ ತನಕ ಜಾಸ್ತಿ. ಕೆಲವು ಮಕ್ಕಳು ಒಂದು ಪಲ್ಯವನ್ನು ಹತ್ತು ಹದಿನೈದು ಸಲ ನೋಡಿದ ಮೇಲೇ ನಾಲಿಗೆಗೆ ಮುಟ್ಟಿಸುತ್ತವೆ. ಪುಂಡಿ ಪಲ್ಯ ಒಂದು ಚಮಚ ತಟ್ಟೆಯಲ್ಲಿರಲಿ, ಮೇಲೆ ಸ್ವಲ್ಪ ಬೆಣ್ಣೆ. "ತಿನ್ನು" ಅನ್ನಬೇಡಿ. ನೀವು ತಿನ್ನಿ, ಅವಳು ನೋಡಲಿ.

ಅಡುಗೆ ಒಂದೇ ಇರಲಿ, ಆದರೆ ಬಡಿಸುವುದರಲ್ಲಿ ಸ್ವಲ್ಪ ಬದಲಾಯಿಸಿ. ಒಗ್ಗರಣೆ, ಖಾರ ಹಾಕುವ ಮುಂಚೆ ಎರಡು ಸೌಟು ಬೇಳೆ ತೆಗೆದಿಡಿ. ಸಾಸಿವೆಯ ಜಗಳ ಅಲ್ಲಿಗೇ ಮುಗಿಯುತ್ತೆ. ಎರಡು ವರ್ಷದವನಿಗೆ ಹಿಂದಿನ ದವಡೆ ಹಲ್ಲು ಈಗಷ್ಟೇ ಬರುತ್ತಿರುತ್ತವೆ, ರೊಟ್ಟಿಯ ಅಂಚು ಅವನಿಂದ ಆಗದು. ಬಿಸಿ ರೊಟ್ಟಿ ಉಬ್ಬಿದಾಗ ಮೇಲೆ ಎದ್ದ ತೆಳು ಪದರ ಬಿಡಿಸಿ, ಬೇಳೆಯಲ್ಲಿ ನೆನೆಸಿ, ತುಪ್ಪ ಹಾಕಿ ಕಲಸಿ ಕೊಡಿ.

ಮಗಳಿಗೆ ಮುಟಗಿ ಮಾಡಿ. ಹಂಚಿನಿಂದ ಇಳಿಸಿದ ರೊಟ್ಟಿಯನ್ನು ಬಿಸಿ ಇರುವಾಗಲೇ ಮುರಿದು ಕಲ್ಲಿಗೆ ಹಾಕಿ. ಎರಡು ಎಸಳು ಬೆಳ್ಳುಳ್ಳಿ, ಜೀರಿಗೆ, ಉಪ್ಪು ಸೇರಿಸಿ ಕುಟ್ಟಿ. ಮೆಣಸಿನಕಾಯಿ ಬೇಡ. ಕೈಗೆ ತುಪ್ಪ ಸವರಿ ಮುಷ್ಟಿಯಲ್ಲಿ ಒತ್ತಿದರೆ ಉಂಡೆ ಆಗುತ್ತೆ. ಸ್ವಲ್ಪ ಆರಿದ ಮೇಲೆ ಉಂಡೆಯನ್ನು ಅವಳ ಕೈಯಲ್ಲೇ ಕಟ್ಟಿಸಿ. ತಾನೇ ಕಟ್ಟಿದ್ದನ್ನು ಮಕ್ಕಳು ಬಿಡುವುದಿಲ್ಲ. ಇಡೀ ಶೇಂಗಾ ಮಾತ್ರ ಇಬ್ಬರಿಗೂ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಮೊಸರಲ್ಲಿ ಕಲಸಿದರೆ ತೊಂದರೆ ಇಲ್ಲ.

ಬೀದರ್ ಅಪ್ಪ

ಟೀಚರಕ್ಕ ಹೇಳಿದ್ದು ಸರಿ. ಹೊತ್ತಿನ ಬಗ್ಗೆ ನಾನೊಂದು ಸೇರಿಸುತ್ತೇನೆ. ನೀವು ಎಷ್ಟು ಗಂಟೆಗೆ ಊಟಕ್ಕೆ ಕೂರುತ್ತೀರಿ? ನಮ್ಮಲ್ಲಿ ಅಂಗಡಿ ಮುಚ್ಚಿ ಬಂದು ಊಟ ಅಂದರೆ ಒಂಬತ್ತೂವರೆ. ಅಷ್ಟೊತ್ತಿಗೆ ಮಕ್ಕಳಿಗೆ ಹಸಿವು ಸತ್ತು ನಿದ್ದೆ ಬಂದಿರುತ್ತಿತ್ತು. ಈಗ ಏಳೂವರೆಗೆ ಮಕ್ಕಳ ಜೊತೆ ನಮ್ಮ ಅವ್ವ, ಅಪ್ಪ ಕೂರುತ್ತಾರೆ. ಅದೇ ರೊಟ್ಟಿ, ಅದೇ ಬೇಳೆ. ಐದು ಗಂಟೆಯ ಮೇಲೆ ನೀರು ಬಿಟ್ಟು ಏನೂ ಇಲ್ಲ. ಏಪ್ರಿಲ್, ಮೇ ಬಿಸಿಲಲ್ಲಿ ಶರಬತ್ತು ಕುಡಿದೇ ಹೊಟ್ಟೆ ತುಂಬಿಸಿಕೊಳ್ಳುತ್ತವೆ, ಅದನ್ನೂ ನೋಡಿಕೊಳ್ಳಿ.

ಎಲಿನ್ ಸ್ಯಾಟರ್ ಅಂತ ಅಮೆರಿಕದ ಆಹಾರ ತಜ್ಞೆ ಒಬ್ಬರು ಕೆಲಸ ಹಂಚಿಕೊಟ್ಟಿದ್ದಾರೆ. ಏನು, ಯಾವಾಗ, ಎಲ್ಲಿ ಅನ್ನುವುದು ದೊಡ್ಡವರ ಕೆಲಸ. ತಿನ್ನಬೇಕಾ, ಎಷ್ಟು ಅನ್ನುವುದು ಮಗುವಿನದು. ನಮ್ಮ ಮನೆಯಲ್ಲಿ ಜಗಳ ನಿಂತಿದ್ದು ಇದರಿಂದಲೇ. ಎಳ್ಳಮಾವಾಸ್ಯೆ ಹಬ್ಬಕ್ಕೆ ಹೊಲದಲ್ಲಿ ಊಟಕ್ಕೆ ಕೂತಾಗ ನೋಡಿ, ಯಾರೂ ಮಕ್ಕಳ ಬೆನ್ನು ಬೀಳುವುದಿಲ್ಲ. ಭಜ್ಜಿಯಲ್ಲಿ (ಕರಿದದ್ದಲ್ಲ, ಹಬ್ಬದ ಪಲ್ಯ) ಎಷ್ಟು ಸೊಪ್ಪು, ಎಷ್ಟು ಕಾಳು ಇರುತ್ತೆ! ಸಜ್ಜೆ ರೊಟ್ಟಿ ಜೊತೆ ಸುಮ್ನೆ ತಿಂದು ಆಡಲು ಓಡುತ್ತವೆ.

ಬಿಸಿರೊಟ್ಟಿ, ಕಲಬುರಗಿ

ಇಬ್ಬರಿಗೂ ಧನ್ಯವಾದ ರೀ. ಮುಟಗಿ ನಾಳೆಯೇ ಮಾಡುತ್ತೇನೆ. ಆದರೆ ಏನೂ ತಿನ್ನದೆ ಮಲಗಿದರೆ? ಅತ್ತೆಗೆ ತಡೆಯಲು ಆಗುವುದಿಲ್ಲ, ನಿಜ ಹೇಳಬೇಕೆಂದರೆ ನನಗೂ ಅಷ್ಟೇ. ಇನ್ನೊಂದು ಮಾತು ಟೀಚರಕ್ಕ, ಮಗಳು ಬಳಪ ತಿನ್ನುತ್ತಾಳೆ. ಊಟಕ್ಕೂ ಇದಕ್ಕೂ ಸಂಬಂಧ ಇದೆಯಾ?

ಅಂಗನವಾಡಿ ಟೀಚರ್, ಆಳಂದ ಕಡೆ

ಖಾಲಿ ಹೊಟ್ಟೆಯಲ್ಲಿ ಮಲಗಿಸಿ ಅಂತ ನಾನು ಹೇಳುವುದಿಲ್ಲ. ಅವಳಿಗೆ ಗೊತ್ತಿರುವ ಒಂದು ಪದಾರ್ಥ ದಿನಾ ತಟ್ಟೆಯಲ್ಲಿ ಇದ್ದೇ ಇರಲಿ. ಮೊಸರನ್ನ ಆಗಬಹುದು, ಬಾಳೆಹಣ್ಣು ಆಗಬಹುದು. ಅದಷ್ಟನ್ನೇ ತಿಂದು ಎದ್ದರೂ ಏಳಲಿ. ಬೆಳಿಗ್ಗೆ ಹಸಿವಾಗುತ್ತೆ, ಆಗ ಹೊಟ್ಟೆ ತುಂಬ ಕೊಡಿ.

ಬಳಪದ ವಿಷಯದಲ್ಲಿ ಮಾತ್ರ ಕಾಯಬೇಡಿ. ಬಳಪ, ಮಣ್ಣು, ಗೋಡೆಯ ಸುಣ್ಣ ತಿನ್ನುವ ಎಷ್ಟೋ ಮಕ್ಕಳಿಗೆ ರಕ್ತ ಕಡಿಮೆ ಇರುತ್ತೆ. ರಕ್ತ ಕಡಿಮೆಯಾದರೆ ಹಸಿವೂ ಕುಂದುತ್ತೆ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ಹಿಮೋಗ್ಲೋಬಿನ್ ನೋಡಿಸಿ. ಕಬ್ಬಿಣದ ಸಿರಪ್ಪನ್ನು ಡಾಕ್ಟರ್ ಹೇಳಿದ ಅಳತೆಗೇ ಕೊಡಿ, ಅಂಗಡಿಯಿಂದ ನೀವೇ ತರಬೇಡಿ. ಜಂತುಹುಳದ ಮಾತ್ರೆ ಕೊಟ್ಟು ಎಷ್ಟು ದಿನ ಆಯಿತು ಅಂತಲೂ ತಿಳಿಸಿ. ಫೆಬ್ರವರಿ 10 ಮತ್ತು ಆಗಸ್ಟ್ 10ರ ಸುಮಾರಿಗೆ ಅಂಗನವಾಡಿಯಲ್ಲಿ ಪುಕ್ಕಟೆ ಕೊಡುತ್ತೇವೆ. ತಾಯಿ ಕಾರ್ಡ್ (ತಾಯಿ ಮಗುವಿನ ಆರೋಗ್ಯದ ಕಾರ್ಡ್) ಮರೆಯಬೇಡಿ, ತೂಕದ ಗೆರೆ ಏರುತ್ತಿದೆಯಾ ಇಲ್ಲವಾ ಅಂತ ಅದರಲ್ಲೇ ಕಾಣುತ್ತೆ. ಸೋಮವಾರವೇ ಹೋಗಿ ಬನ್ನಿ, ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೆಯಿರಿ.