ಸಹಾಯ ಬೇಕು: ಡಿಲೀಟ್ ಆದ ಮದ್ದಳೆಗಾರರ ಪುಟ ವಾಪಸ್ ತರಿಸೋದು ಹೆಂಗೆ?

ಎಲ್ರಿಗೂ ನಮಸ್ಕಾರ, ನಮ್ಮ ಹೊಸನಗರ ಕಡೆಯ ಹಿರಿಯ ಮದ್ದಳೆಗಾರರೊಬ್ಬರ ಬಗ್ಗೆ ಆನ್‌ಲೈನ್ ವಿಶ್ವಕೋಶದಲ್ಲಿದ್ದ ಪುಟಾನ "ಗಮನಾರ್ಹತೆ ಇಲ್ಲ" ಅಂತ ಡಿಲೀಟ್ ಮಾಡಿದಾರೆ. ಬಡಗುತಿಟ್ಟು ಶೈಲಿಯ ಯಕ್ಷಗಾನ ಮೇಳಗಳಲ್ಲಿ ಜೀವಮಾನವಿಡೀ ರಾತ್ರಿ ನಿದ್ದೆಗೆಟ್ಟು ನುಡಿಸಿದವ್ರು, ಅವರಿಗೇ ಹಿಂಗಂದ್ರೆ ಹೆಂಗೆ ಮಾರಾಯ್ರೆ, ಹೊಟ್ಟೆ ಉರಿಯತ್ತೆ. ಆದ್ರೆ ಅಲ್ಲಿ ನಮ್ಮ ಅಭಿಮಾನ ನಡೆಯಲ್ಲ, ಅವರಿಗೂ ಮೇಳಕ್ಕೂ ಸಂಬಂಧ ಇಲ್ದಿರೋರು ವಿವರವಾಗಿ ಬರೆದಿರೋ ಲೇಖನಾನೋ ಪುಸ್ತಕಾನೋ ಬೇಕು, ನೆಟ್‌ನಲ್ಲಿ ಇರ್ಲೇಬೇಕು ಅಂತೇನಿಲ್ಲ, ಪೇಪರ್ ಹೆಸರು, ತಾರೀಕು, ಪುಟಸಂಖ್ಯೆ ಕೊಟ್ರೂ ನಡೆಯತ್ತೆ. ಅವರ ಮನೇಲಿರೋ ಕಟಿಂಗ್‌ಗಳ ಅಂಚು ಗೆದ್ದಲು ತಿಂದು ತಾರೀಕೇ ಹೋಗಿದೆ. ಶಿವಮೊಗ್ಗ, ಸಾಗರದ ಲೈಬ್ರರೀಲಿ ಹಳೇ ಪೇಪರ್ ಬೈಂಡ್ ಮಾಡಿಟ್ಟಿದ್ರೆ ಹೇಳಿ. ಡಿಲೀಟ್ ಮಾಡಿದ ಅಡ್ಮಿನ್‌ನೇ ಮೊದ್ಲು ಕೇಳ್ಬೇಕಾ, ನೇರ ಮರುಪರಿಶೀಲನೆಗೆ ಹಾಕ್ಬಹುದಾ, ಗೊತ್ತಿರೋರು ದಯವಿಟ್ಟು ತಿಳಿಸಿ.