ಸ್ಪೋರ್ಟ್ಸ್ ಕಾರ್, ಪರ್ಫಾರ್ಮೆನ್ಸ್ ಕಾರ್: ಎರಡೂ ಒಂದೇನಾ? ನಮ್ಮ ಮನೆಯಲ್ಲಿ ಜಗಳ ಮುಗಿಯುತ್ತಿಲ್ಲ

ಎರಡುಬಾಗಿಲು:
ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಬಾಲಿಶ ಅನ್ನಿಸಿದರೆ ಬೈಯಬೇಡಿ. ನಮ್ಮ ಭಾವ ಬಿಎಂಡಬ್ಲ್ಯು ಎಂ5 ವಿಡಿಯೋ ತೋರಿಸಿ, ಇದಕ್ಕಿಂತ ಒಳ್ಳೆ ಸ್ಪೋರ್ಟ್ಸ್ ಕಾರ್ ಬೇಕಾ ಅಂದರು. ಅದು ನಾಲ್ಕು ಬಾಗಿಲಿನ ಸೆಡಾನ್ ಭಾವ, ಪರ್ಫಾರ್ಮೆನ್ಸ್ ಕಾರ್ ಅನ್ನಬೇಕು, ಸ್ಪೋರ್ಟ್ಸ್ ಕಾರ್ ಅಂದರೆ ಮಜ್ದಾ ಮಿಯಾಟಾ ಥರದ್ದು ಅಂದೆ. ಅಲ್ಲಿಗೆ ಸಿಕ್ಕಿಬಿದ್ದೆ ನೋಡಿ. "ನಿನ್ನ ಮಿಯಾಟಾ ಇದರ ಧೂಳೂ ಮುಟ್ಟಲ್ಲ. ನಿಧಾನಕ್ಕೆ ಹೋಗೋದು ಸ್ಪೋರ್ಟ್ಸ್ ಕಾರ್, ಜೋರಾಗಿ ಹೋಗೋದು ಅಲ್ಲ, ಇದು ಯಾವ ನ್ಯಾಯ?" ಅಂತ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ನಾನು ಹೇಳಿದ್ದು ಸರಿ ಅಂತ ಗೊತ್ತು, ಯಾಕೆ ಸರಿ ಅಂತ ಗೊತ್ತಿಲ್ಲ. ಯಾರಾದರೂ ಬಿಡಿಸಿ ಹೇಳುತ್ತೀರಾ?

ಹಳೇಎಂಜಿನ್:
ನಿಮ್ಮ ಭಾವ ವೇಗ ಅಳೆಯುತ್ತಿದ್ದಾರೆ, ಗೊಂದಲ ಶುರುವಾಗುವುದೇ ಅಲ್ಲಿ. ಗಾಡಿ ಹುಟ್ಟಿದ್ದು ಯಾತಕ್ಕೆ ಅಂತ ನೋಡಿ.

ಎಂ5 ಬರುವ ಮೊದಲೇ 5 ಸೀರೀಸ್ ಇತ್ತು. ಮನೆಮಂದಿ ಕೂತು, ಡಿಕ್ಕಿ ತುಂಬ ಸಾಮಾನು ಹಾಕಿಕೊಂಡು ಹೋಗುವ ಕಾರು. 1980ರ ದಶಕದ ಮಧ್ಯದಲ್ಲಿ ಅದೇ ಬಾಡಿಯೊಳಗೆ 3.5 ಲೀಟರಿನ ಆರು ಸಿಲಿಂಡರ್ ಎಂಜಿನ್ ಕೂರಿಸಿದರು. ಬಿಎಂಡಬ್ಲ್ಯುದೇ ಎಂ1 ಅನ್ನುವ ಸೂಪರ್‌ಕಾರಿನ ಎಂಜಿನ್ನನ್ನು ತಿದ್ದಿ ಮಾಡಿದ್ದು, 286 ಹಾರ್ಸ್‌ಪವರ್. ಬ್ರೇಕು, ಸಸ್ಪೆನ್ಷನ್ನೂ ಅದಕ್ಕೆ ತಕ್ಕ ಹಾಗೆ ಬದಲಾಯಿತು. ಹೊರಗಿನಿಂದ ಮಾತ್ರ ಆಫೀಸಿಗೆ ಹೋಗುವ ಸಾಧು ಕಾರೇ. ಪರ್ಫಾರ್ಮೆನ್ಸ್ ಕಾರ್ ಅಂದರೆ ಇದು: ದಿನದ ಕೆಲಸಕ್ಕೆ ಅಂತ ಮಾಡಿದ್ದ ಗಾಡಿಗೆ ಆಮೇಲೆ ಕಸುವು ತುಂಬಿದ್ದು. ಅದೇ ಎಂ5 ಆಗಬೇಕು ಅಂತಿಲ್ಲ. 1976ರ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಅನ್ನುವ ಸಣ್ಣ ಹ್ಯಾಚ್‌ಬ್ಯಾಕಿಗೆ ಇದ್ದದ್ದು ಬರೀ 110 ಹಾರ್ಸ್‌ಪವರ್, ಆದರೂ ಅದೇ ಜಾತಿ.

ಮಿಯಾಟಾ ಕಥೆ ಉಲ್ಟಾ. 1989ರಲ್ಲಿ ಬಂದಾಗ ಅದರ ಎಂಜಿನ್ ಮಜ್ದಾ 323 ಅನ್ನುವ ಸಾಮಾನ್ಯ ಕಾರಿನ ಕುಟುಂಬದ್ದು. 1.6 ಲೀಟರ್, ಹೆಚ್ಚುಕಮ್ಮಿ 115 ಹಾರ್ಸ್‌ಪವರ್, ಅದರಲ್ಲಿ ಹೆಮ್ಮೆ ಪಡುವಂಥದ್ದು ಏನೂ ಇಲ್ಲ. ಆದರೆ ಗಾಡಿಯ ಮೈಕಟ್ಟು ಯಾವ ಸೆಡಾನಿನಿಂದಲೂ ಕಡ ತಂದದ್ದಲ್ಲ. ಎರಡೇ ಸೀಟು, ಎಂಜಿನ್ ಆದಷ್ಟು ಹಿಂದಕ್ಕೆ, ತಳ್ಳುವುದು ಹಿಂದಿನ ಚಕ್ರ, ತೂಕ ಸಾವಿರ ಕೆಜಿಯೊಳಗೆ, ಕೂತರೆ ಸೊಂಟ ನೆಲಕ್ಕೆ ಹತ್ತಿರ. ಹಿಂದಿನ ಸೀಟು, ದೊಡ್ಡ ಡಿಕ್ಕಿ ಎಲ್ಲ ಬಿಟ್ಟುಕೊಟ್ಟದ್ದು ಓಡಿಸುವವನ ಖುಷಿಗೆ. ಏನನ್ನು ಬಿಟ್ಟುಕೊಟ್ಟಿದ್ದಾರೆ ಅನ್ನುವುದರಲ್ಲೇ ಸ್ಪೋರ್ಟ್ಸ್ ಕಾರ್ ಗೊತ್ತಾಗುತ್ತದೆ ಅಂತ ನನ್ನ ಲೆಕ್ಕ.

ಮೂರನೇಗೇರ್:
ಮೇಲಿನವರು ಹೇಳಿದ್ದು ಸರಿ, ಆದರೆ ತೂಕದ ವಿಷಯ ಇನ್ನೂ ಸ್ವಲ್ಪ ಎಳೆಯಬೇಕು, ಯಾಕೆಂದರೆ ಡ್ರೈವರ್ ಸೀಟಿನಲ್ಲಿ ವ್ಯತ್ಯಾಸ ಗೊತ್ತಾಗುವುದು ಅಲ್ಲೇ.

ನನ್ನ ಹತ್ತಿರ ಮೊದಲು ಒಂದು ಜೋರು ಸೆಡಾನ್ ಇತ್ತು, ಯಾವ ಕಂಪನಿ ಅಂತ ಬೇಡ ಬಿಡಿ. ಟ್ರ್ಯಾಕಿಗೆ ತೆಗೆದುಕೊಂಡು ಹೋದೆ. ನೇರ ರಸ್ತೆಯಲ್ಲಿ ರಾಜ. ನಾಲ್ಕನೇ ಸುತ್ತಿಗೆ ಬ್ರೇಕ್ ಪೆಡಲ್ ಸ್ಪಂಜಿನ ಥರ ಮೆತ್ತಗಾಯಿತು. ಬ್ರೇಕ್ ಆಯಿಲ್ ಕುದಿದು ಗುಳ್ಳೆ ಎದ್ದಿತ್ತು. ಗುಳ್ಳೆ ಒತ್ತಿದರೆ ಕುಗ್ಗುತ್ತದೆ, ಹಾಗಾಗಿ ಕಾಲಿನ ಒತ್ತಡ ಪ್ಯಾಡಿನ ತನಕ ಪೂರ್ತಿ ಹೋಗುವುದೇ ಇಲ್ಲ. ಎದೆ ಧಸಕ್ಕೆಂದಿತು, ಸುಳ್ಳು ಹೇಳಲ್ಲ. ಲೆಕ್ಕ ನೋಡಿದರೆ ಇದರಲ್ಲಿ ಆಶ್ಚರ್ಯ ಇಲ್ಲ. ವೇಗ ಎರಡರಷ್ಟಾದರೆ ಬ್ರೇಕ್ ನುಂಗಬೇಕಾದ ಶಕ್ತಿ ನಾಲ್ಕರಷ್ಟು, ತೂಕ ಎರಡರಷ್ಟಾದರೆ ಮತ್ತೆ ಅದರ ಎರಡರಷ್ಟು. ಅದೇ ದಿನ ಗೆಳೆಯನ ಹಳೇ ಮಿಯಾಟಾ ಮಧ್ಯಾಹ್ನದ ತನಕ ಸುತ್ತು ಹಾಕುತ್ತಲೇ ಇತ್ತು, ಕೆಮ್ಮಲೂ ಇಲ್ಲ.

2024ರಲ್ಲಿ ಬಂದ ಹೊಸ ಎಂ5 ಹೈಬ್ರಿಡ್. 727 ಹಾರ್ಸ್‌ಪವರ್, ತೂಕ 2,400 ಕೆಜಿಗೂ ಜಾಸ್ತಿ. ತಕ್ಕಡಿಯ ಇನ್ನೊಂದು ತಟ್ಟೆಗೆ ಮೊದಲ ಮಿಯಾಟಾ ಎರಡು ಹಾಕಿದರೂ ಎಂ5 ಕಡೆಯೇ ಕೆಳಗೆ ಹೋಗುತ್ತದೆ. ಆ ಭಾರವನ್ನು ದೊಡ್ಡ ಬ್ರೇಕು, ಅಗಲ ಟಯರು, ಕಂಪ್ಯೂಟರು ಎಲ್ಲ ಸೇರಿ ಹಿಡಿದಿಡುತ್ತವೆ, ಹಿಡಿದಿಡುವುದೂ ನಿಜ. ಆದರೆ ಎಂಜಿನಿಯರು ಅಲ್ಲಿ ತೂಕದ ಜೊತೆ ಗುದ್ದಾಡುತ್ತಿರುತ್ತಾನೆ. 1996ರ ಲೋಟಸ್ ಎಲೀಸ್ ಮಾಡಿದವರು ಅಲ್ಯೂಮಿನಿಯಂ ತುಂಡುಗಳನ್ನು ಅಂಟಿನಿಂದ ಜೋಡಿಸಿ ಹಗುರವಾದ ಚಾಸಿ (ಗಾಡಿಯ ಅಡಿಚೌಕಟ್ಟು) ಮಾಡಿ, ಆ ಗುದ್ದಾಟವೇ ಬೇಡ ಅಂದುಬಿಟ್ಟರು.

ಗೆರೆದಾಟಿದವ:
ನೀವಿಬ್ಬರೂ ಸಲೀಸಾಗಿ ಗೆರೆ ಎಳೆದುಬಿಟ್ಟಿರಿ, ನಾನು ಸ್ವಲ್ಪ ಅಳಿಸುತ್ತೇನೆ 😀

ನಿಸ್ಸಾನ್ ಜಿಟಿ-ಆರ್ ಯಾವ ಜಾತಿ ಹೇಳಿ. 1969ರ ಮೊದಲ ಸ್ಕೈಲೈನ್ ಜಿಟಿ-ಆರ್ ನಾಲ್ಕು ಬಾಗಿಲಿನ ಸೆಡಾನ್, ಅಂದರೆ ಹಳೇಎಂಜಿನ್ ಸರ್ ಲೆಕ್ಕದಲ್ಲಿ ಪಕ್ಕಾ ಪರ್ಫಾರ್ಮೆನ್ಸ್ ಕಾರ್. 2007ರ ಜಿಟಿ-ಆರ್ ಸ್ಕೈಲೈನ್ ಅನ್ನುವ ಹೆಸರನ್ನೇ ಕಳಚಿ, ತನ್ನದೇ ಬಾಡಿ ಇಟ್ಟುಕೊಂಡು ಬಂತು. ಅದರ ಸಾದಾ ಮಾಡೆಲ್ ಅಂತ ಯಾವುದೂ ಇಲ್ಲ. ಆದರೆ ತೂಕ 1,700 ಕೆಜಿ ದಾಟುತ್ತದೆ. ಮೂರನೇಗೇರ್ ಈಗ ಏನಂತಾರೆ?

ಟೊಯೋಟಾ ಜಿಆರ್ ಯಾರಿಸ್ ಇನ್ನೂ ತಮಾಷೆ. ಹೆಸರು ಸಣ್ಣ ಮನೆಬಳಕೆ ಕಾರಿನದು. ಆದರೆ ರ‍್ಯಾಲಿ ತಲೆಯಲ್ಲಿಟ್ಟುಕೊಂಡು ಮಾಡಿದ್ದರಿಂದ ಬಾಡಿ ಬೇರೆ, ಮೂರು ಬಾಗಿಲು, ಮುಂಭಾಗದ ತಳಪಾಯ ಯಾರಿಸ್‌ನದು, ಹಿಂಭಾಗದ್ದು ಕೊರೋಲಾ ಕಡೆಯದು. ಆಡಿ ಟಿಟಿ ಇದಕ್ಕೆ ತದ್ವಿರುದ್ಧ. ನೋಡಲು ಅಪ್ಪಟ ಸ್ಪೋರ್ಟ್ಸ್ ಕಾರ್, ಮೊದಲ ಟಿಟಿಯ ಅಡಿಯಲ್ಲಿ ಮಲಗಿದ್ದು ಮಾತ್ರ ಗಾಲ್ಫಿನ ಪ್ಲಾಟ್‌ಫಾರ್ಮ್.

ಹಳೇಎಂಜಿನ್:
ಟಿಟಿ ಎಳೆದು ತರುತ್ತೀರಿ ಅಂತ ಗೊತ್ತಿತ್ತು, ಗುರು. ಅಂಗಡಿಯ ಬೋರ್ಡಿನ ಹಾಗೆ ಕಂಪನಿಯವರು ಏನು ಬೇಕಾದರೂ ಬರೆದುಕೊಳ್ಳುತ್ತಾರೆ, ಸಾದಾ ಹ್ಯಾಚ್‌ಬ್ಯಾಕಿಗೆ ಕೆಂಪು ದಾರದ ಹೊಲಿಗೆ ಹಾಕಿ ಸ್ಪೋರ್ಟ್ ಅನ್ನುವವರೂ ಇದ್ದಾರೆ. ಮಧ್ಯದಲ್ಲಿ ನಿಂತ ಗಾಡಿಗಳು ಇರಲಿ. ಅದರಿಂದ ಎಂ5 ಹೋಗಿ ಮಿಯಾಟಾ ಆಗಲ್ಲ ಅಲ್ವಾ. ಜಿಆರ್ ಯಾರಿಸ್ ಮಾತ್ರ ನಿಮಗೇ ಬಿಟ್ಟೆ.

ಎರಡುಬಾಗಿಲು:
ಎಲ್ಲರಿಗೂ ಥ್ಯಾಂಕ್ಸ್. ಭಾವನಿಗೆ ಪೂರ್ತಿ ಓದಿ ಹೇಳಿದೆ. ಬ್ರೇಕ್ ಆಯಿಲ್ ಕುದಿಯುವ ಭಾಗಕ್ಕೆ ಸುಮ್ಮನಾದರು, ಆಮೇಲೆ ಬಾಣ ಬಿಟ್ಟರು: ಟೆಸ್ಲಾ ಮಾಡೆಲ್ ಎಸ್ ಪ್ಲ್ಯಾಡ್ ಅನ್ನುವ ಎಲೆಕ್ಟ್ರಿಕ್ ಕಾರಿಗೆ ಸಾವಿರಕ್ಕೂ ಮೇಲೆ ಹಾರ್ಸ್‌ಪವರ್, ಅದನ್ನು ಎಲ್ಲಿ ಇಡುತ್ತೀರಿ ಅಂತ. ಐದು ಜನ ಕೂರುವ ಕಾರು, ಹಾಗಾಗಿ ಎಂ5 ಸಾಲಿಗೆ ಅಂದೆ. ಸರಿ ತಾನೇ? ಇನ್ನೊಂದು ಪ್ರಶ್ನೆ, ಇದು ನನ್ನದೇ. ಬರೀ 115 ಹಾರ್ಸ್‌ಪವರ್ ಇಟ್ಟುಕೊಂಡು ಬೇಜಾರಾಗಲ್ವಾ?

ಮೂರನೇಗೇರ್:
ಟೆಸ್ಲಾ ಉತ್ತರ ಸರಿ. ಬೇಜಾರಿನ ವಿಷಯ: ಹೈವೇಯಲ್ಲಿ ಆಗುತ್ತದೆ, ಶಬ್ದಕ್ಕೆ ತಲೆನೋವೂ ಬರುತ್ತದೆ. ತಿರುವಿನ ರಸ್ತೆಯಲ್ಲಿ ಅರವತ್ತರಲ್ಲಿ ಹೋಗುವಾಗಲೇ ಚಕ್ರ ಎಲ್ಲಿ ಹಿಡಿದಿದೆ, ಎಲ್ಲಿ ಜಾರಲು ನೋಡುತ್ತಿದೆ ಅಂತ ಸ್ಟೀರಿಂಗಿನಲ್ಲೇ ಗೊತ್ತಾಗುತ್ತದೆ. ನನ್ನ ಸೆಡಾನ್ ಅದನ್ನು ಹೇಳುವಷ್ಟರಲ್ಲಿ ವೇಗ ನೂರಿಪ್ಪತ್ತು ದಾಟಿರುತ್ತಿತ್ತು. ಭಾವನನ್ನು ಒಮ್ಮೆ ಮಿಯಾಟಾದಲ್ಲಿ ಕೂರಿಸಿ. ಆಳು ಎತ್ತರ ಇದ್ದರೆ ಮೊದಲು ರೂಫ್ ತೆಗೆಯಿರಿ.